ಲಿಖಿತ, ಭುಕ್ತಿ, ಸಾಕ್ಷಿ: ತೆಂಕಣ ಕರಾವಳಿಯ ಲೆಕ್ಕಪತ್ರಗಳೂ ಜನಜೀವನವೂ

೧

ವ್ಯವಹಾರನಿರ್ಣಯಕ್ಕೆ ಬೇಕಾದ ಮಾನುಷಪ್ರಮಾಣಗಳು ಲಿಖಿತ, ಭುಕ್ತಿ, ಸಾಕ್ಷಿಗಳೆಂದು ಮೂರು ಬಗೆಯಾಗಿವೆಯೆಂಬುದು ಯಾಜ್ಞವಲ್ಕ್ಯಸ್ಮೃತಿಯನ್ನು ಬಲ್ಲವರಿಗೆ ವಿದಿತವಾದ ವಿಷಯವೇ. ಬರೆದಿಟ್ಟ ಪತ್ರವು ಲಿಖಿತ. ಅಡ್ಡಿಯಿಲ್ಲದೆ ಬಹುಕಾಲ ಅನುಭವಿಸಿಕೊಂಡು ಬಂದುದು ಭುಕ್ತಿ. ಕಂಡು ಬಲ್ಲವರ ಮಾತು ಸಾಕ್ಷಿ. ಪ್ರಾಚೀನರು ಲಿಖಿತವನ್ನು ಕಡೆಗಣಿಸಿದವರಲ್ಲ. ಆದರೆ ಕೂಟಲೇಖ್ಯವೆಂಬ ಸುಳ್ಳುಪತ್ರವೂ ಲೋಕದಲ್ಲಿ ಉಂಟೆಂಬುದನ್ನು ಅರಿತು, ಪತ್ರವೊಂದನ್ನೇ ನಚ್ಚಿ ಕುಳಿತುಕೊಳ್ಳದೆ, ಉಳಿದ ಎರಡನ್ನೂ ಅದರ ಮಗ್ಗುಲಲ್ಲಿ ನಿಲ್ಲಿಸಿದರು.

ಈಗ ದತ್ತಾಂಶವೆಂದು ಕರೆಯಲ್ಪಡುವುದು ಲಿಖಿತದ ನೂತನ ರೂಪವಲ್ಲದೆ ಬೇರೆಯಲ್ಲ. ಮನುಷ್ಯನ ಹೆಸರು, ನೆಲ, ನುಡಿ, ಬೆರಳಚ್ಚು ಮುಂತಾದುವನ್ನೆಲ್ಲ ಅಂಕಿಗಳಾಗಿ ಮಾರ್ಪಡಿಸಿ, ಆ ಅಂಕಿಗಳ ಆಧಾರದಿಂದ ಅವನಿಗೆ ಸಲ್ಲಬೇಕಾದುದನ್ನು ನಿರ್ಣಯಿಸುವ ತಂತ್ರವು ಜನಜೀವನದ ಮೇಲೆ ಯಾವ ಪರಿಣಾಮವನ್ನು ಉಂಟುಮಾಡುತ್ತದೆಯೆಂಬ ವಿಚಾರವು ವಿಶ್ವವಿದ್ಯಾಲಯಗಳ ಉನ್ನತ ವ್ಯಾಸಂಗದಲ್ಲಿ ಪ್ರತ್ಯೇಕ ಶಾಸ್ತ್ರವಾಗಿ ಬೆಳೆಯುತ್ತಲಿದೆ. ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ ಡಿಜಿಟಲ್ ಸೊಸೈಟಿ ಎಂಬ ಹೆಸರಿನ ಸ್ನಾತಕೋತ್ತರ ವ್ಯಾಸಂಗವು ಏರ್ಪಟ್ಟುದು ಇದೇ ಉದ್ದೇಶದಿಂದ. ಇದು ಯಂತ್ರವಿದ್ಯೆಯವರ ವಿಷಯ, ಸಾಹಿತ್ಯವನ್ನೂ ಇತಿಹಾಸವನ್ನೂ ಕಲಿಸುವವರಿಗೆ ಇದರಲ್ಲಿ ಕೆಲಸವಿಲ್ಲ ಎಂಬ ಭಾವನೆ ಹಲವರಲ್ಲಿ ಉಂಟು. ಆ ಭಾವನೆ ಸರಿಯಲ್ಲವೆಂಬುದಕ್ಕೆ ಮಂಗಳೂರು ಮತ್ತು ಅದರ ಸುತ್ತಣ ಸೀಮೆಯ ಇನ್ನೂರು ವರ್ಷಗಳ ಲೆಕ್ಕಪತ್ರಗಳ ಚರಿತ್ರೆಯೇ ಸಾಕಾದ ನಿದರ್ಶನವಾಗಿದೆ.

೨

ಕಾಗದವು ಹಬ್ಬುವುದಕ್ಕೆ ಮುಂಚೆ ಕನ್ನಡನಾಡಿನ ಲೆಕ್ಕಗಳು ಬಹುಮಟ್ಟಿಗೆ ಕಡತಗಳಲ್ಲಿ ಇರುತ್ತಿದ್ದುವು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಬೇಡವಾದುದನ್ನು ಒರಸಿ ಪುನಃ ಬರೆಯಬಹುದಾಗಿತ್ತು. ಅದನ್ನು ಇಟ್ಟುಕೊಂಡವನು ಗ್ರಾಮದ ಶಾನುಭೋಗ. ಅವನು ತಪ್ಪನ್ನೂ ಬರೆಯಬಲ್ಲವನಾಗಿದ್ದನು, ಮೋಸವನ್ನೂ ಮಾಡಬಲ್ಲವನಾಗಿದ್ದನು. ಆದರೆ ಅವನ ಮನೆ ಊರಿನಲ್ಲಿಯೇ ಇದ್ದುದರಿಂದ ಅವನ ಬರಹವನ್ನು ಊರವರು ಪ್ರಶ್ನಿಸುವ ಅವಕಾಶ ಉಳಿದಿತ್ತು. ಈಗ ಕಚೇರಿಯ ಕಾಗದದ ಕಟ್ಟಿಗೆ ಕಡತವೆಂಬ ಅದೇ ಹೆಸರು ನಿಂತಿದೆಯಾದರೂ, ಬರೆದವನೂ ಬರೆಯಿಸಿಕೊಂಡವನೂ ಒಂದೇ ಊರಿನಲ್ಲಿರುವ ಸಂಬಂಧವು ಅದರಲ್ಲಿ ಉಳಿದಿಲ್ಲ.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಕೆನರಾ ಸೀಮೆಯು ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. ಅಲ್ಲಿಗೆ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ೧೮೦೦ರವರೆಗೆ ಇದ್ದು ಕಂದಾಯವನ್ನು ನಿಗದಿಗೊಳಿಸಿದನು. ಹೊಲಗಳನ್ನು ಒಂದೊಂದಾಗಿ ಅಳೆಯಿಸುವ ಕಾಲವು ಅದಾಗಿರಲಿಲ್ಲ. ಆದುದರಿಂದ ಹಿಂದಿನ ಅರಸರ ಕಾಲದ ಲೆಕ್ಕಗಳನ್ನೇ ಅವನು ಆಧಾರವಾಗಿ ಇಟ್ಟುಕೊಳ್ಳಬೇಕಾಯಿತು. ಮೂಲ ಕಂದಾಯಕ್ಕೆ ರೇಖೆಯೆಂದೂ, ಮೇಲಿಂದಮೇಲೆ ಕೂಡಿಸಿದ ಹೆಚ್ಚುವರಿಗೆ ಶಾಮೀಲೆಂದೂ ಆ ಲೆಕ್ಕಗಳಲ್ಲಿ ಹೆಸರು. ಹೀಗೆ ಒಂದು ಕಾಲದಲ್ಲಿ ಒಬ್ಬ ಅರಸನ ಅಗತ್ಯಕ್ಕಾಗಿ ಬರೆದ ಅಂಕಿಯು ಇನ್ನೊಂದು ಕಾಲದಲ್ಲಿ ಬೇರೊಂದು ಆಳಿಕೆಯ ಹಕ್ಕಾಗಿ ಪರಿಣಮಿಸಿತು.

ಈ ಸೀಮೆಯಲ್ಲಿ ಒಬ್ಬ ಹಿಡುವಳಿದಾರನ ಭೂಮಿಯ ಮೊತ್ತಕ್ಕೆ ವರ್ಗವೆಂದೂ ಅವನಿಗೆ ವರ್ಗದಾರನೆಂದೂ ಹೆಸರು. ಸಂಸ್ಕೃತದ ವರ್ಗಶಬ್ದವೇ ಇದೆಂದು ಮೇಲುನೋಟಕ್ಕೆ ತೋರುವುದಾದರೂ, ಹಾಳೆಯೆಂಬ ಅರ್ಥವುಳ್ಳ ಅರಬ್ಬೀ ಶಬ್ದದಿಂದ ಇದು ಬಂದುದೆಂದು ವಿದ್ವಾಂಸರ ಅಭಿಪ್ರಾಯ. ಲೆಕ್ಕದ ಪುಸ್ತಕದಲ್ಲಿ ಒಬ್ಬೊಬ್ಬನಿಗೆ ಒಂದೊಂದು ಹಾಳೆ. ಆ ಹಾಳೆಯ ಹೆಸರೇ ಕ್ರಮೇಣ ನೆಲದ ಹೆಸರಾಯಿತು. ನೆಲವನ್ನು ಕುರಿತು ಹಾಳೆ ಹುಟ್ಟಿತೆಂಬುದು ನಿಜ; ಆದರೆ ತರುವಾಯ ಹಾಳೆಯಲ್ಲಿ ಇದ್ದಷ್ಟೇ ನೆಲವೆಂಬ ವ್ಯವಹಾರ ಬೆಳೆಯಿತು.

ಹಾಳೆಗೂ ಬಾಳಿಗೂ ನಡುವೆ ಬಿರುಕು ಬಿಟ್ಟಾಗ ಏನಾಗುವುದೆಂಬುದನ್ನು ೧೮೩೦–೩೧ರ ಘಟನೆಗಳು ತೋರಿಸುತ್ತವೆ. ಬೆಳೆಯ ಬೆಲೆ ಇಳಿದುಹೋಗಿತ್ತು. ಲೆಕ್ಕದಲ್ಲಿಯ ಕಂದಾಯ ಇಳಿದಿರಲಿಲ್ಲ. ರೈತರು ಅಲ್ಲಲ್ಲಿ ಕೂಟಗಳನ್ನು ಕಟ್ಟಿಕೊಂಡು ನೆರೆದು ತಮ್ಮ ಕಷ್ಟವನ್ನು ಸರಕಾರದ ಮುಂದೆ ಇಟ್ಟರು. ಇದನ್ನು ಲಿಖಿತದ ಎದುರಿಗೆ ಸಾಕ್ಷಿಯು ಎದ್ದು ನಿಂತ ಸಂದರ್ಭವೆಂದು ಹೇಳಬಹುದು.

೩

ಲಿಖಿತಕ್ಕೂ ಭುಕ್ತಿಗೂ ನಡೆದ ತಿಕ್ಕಾಟಕ್ಕೆ ಕುಮ್ಕಿಯೆಂಬ ಹಕ್ಕು ಒಳ್ಳೆಯ ಉದಾಹರಣೆ. ವರ್ಗಭೂಮಿಯ ಅಂಚಿನಿಂದ ೪೫ ಕೋಲುಗಳ ದೂರದವರೆಗೆ ಇರುವ ಸರಕಾರಿ ನೆಲದಿಂದ ಗದ್ದೆಗೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು ಪಡೆಯುವ ಸವಲತ್ತು ವರ್ಗದಾರನಿಗೆ ಸಲ್ಲುತ್ತ ಬಂದಿತು. ಸಹಾಯವೆಂಬ ಅರ್ಥದ ಪಾರಸೀ ಶಬ್ದವೇ ಕುಮ್ಕಿಯ ಮೂಲ. ಈ ನೆಲವು ಅವನ ಸ್ವತ್ತಲ್ಲ. ಆದರೆ ಇದಿಲ್ಲದೆ ಅವನ ಗದ್ದೆ ಬೆಳೆಯುತ್ತಿರಲಿಲ್ಲ. ಒಡೆಯನಾರು ಎಂದು ಮಾತ್ರ ಕೇಳುವ ಪತ್ರದಲ್ಲಿ ಸರಕಾರವೆಂಬ ಒಂದೇ ಪದದಿಂದ ಉತ್ತರ ಮುಗಿಯುತ್ತದೆ. ಸೊಪ್ಪು ಯಾರು ತರುತ್ತಾರೆ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಕೂಟಲೇಖ್ಯದ ಸಂಗತಿಯೂ ಇದೇ ಸೀಮೆಯಲ್ಲಿ ನಡೆಯಿತು. ತುಳುನಾಡಿನ ಹಲವು ಸಮುದಾಯಗಳಲ್ಲಿ ಆಸ್ತಿಯು ಹೆಣ್ಣಿನ ಸಂತತಿಯನ್ನು ಹಿಡಿದು ಇಳಿಯುವ ಅಳಿಯಸಂತಾನಪದ್ಧತಿಯು ರೂಢಿಯಲ್ಲಿದ್ದಿತು. ಊರೂರಿಗೆ, ಮನೆಮನೆಗೆ ಅಷ್ಟಿಷ್ಟು ಭೇದವಿದ್ದ ಈ ರೂಢಿಯನ್ನು ಹೊಸ ನ್ಯಾಯಾಲಯಗಳು ವಿಚಾರಿಸುವ ಕಾಲ ಬಂದಾಗ, ಲಿಖಿತವಾದ ಆಧಾರವೊಂದು ಅವುಗಳಿಗೆ ಬೇಕಾಯಿತು. ಭೂತಾಳಪಾಂಡ್ಯನ ಹೆಸರಿನಲ್ಲಿದ್ದ ಕಟ್ಟುಕಟ್ಟಳೆಗಳ ಗ್ರಂಥವೊಂದು ಆ ಸ್ಥಾನವನ್ನು ಪಡೆಯಿತು. ಆರ್ಥರ್ ಕೋಕ್ ಬರ್ನೆಲ್ ಎಂಬ ವಿದ್ವಾಂಸನು ಆ ಗ್ರಂಥವು ಪ್ರಾಚೀನವಲ್ಲ, ಈಚಿನ ಕಾಲದ ಕೃತ್ರಿಮವೆಂದು ತೀರ್ಮಾನಿಸಿದನು. ಅಷ್ಟರೊಳಗೆ ಅದರ ಪ್ರಭಾವವು ತೀರ್ಪುಗಳಲ್ಲಿ ಸೇರಿಹೋಗಿತ್ತು. ಕುಟುಂಬದ ಒಬ್ಬರು ಕೇಳಿದ ಮಾತ್ರಕ್ಕೆ ಆಸ್ತಿಯನ್ನು ಪಾಲು ಮಾಡಲಾಗದೆಂಬ ನಿಯಮವು ನೆಲೆನಿಂತು, ಮದರಾಸಿನ ೧೯೪೯ರ ಅಳಿಯಸಂತಾನ ಶಾಸನವು ಬರುವವರೆಗೂ ನಡೆಯಿತು. ಗ್ರಂಥವು ಕೃತ್ರಿಮವಾದರೂ ಅದರಿಂದ ಹುಟ್ಟಿದ ಫಲವು ಕೃತ್ರಿಮವಾಗಿರಲಿಲ್ಲ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಇದೇ ಬರ್ನೆಲ್ ದಕ್ಷಿಣ ಭಾರತದ ಲಿಪಿಶಾಸ್ತ್ರವನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ೧೮೭೪ರಲ್ಲಿ ಆ ಊರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಪ್ರಕಟಿಸಿದನು. ಅಕ್ಷರದ ರೂಪ, ಭಾಷೆಯ ಕಾಲ, ಪ್ರತಿಗಳ ಪರಂಪರೆ ಇವುಗಳನ್ನು ಪರೀಕ್ಷಿಸಬಲ್ಲ ಪಂಡಿತನಿಗೆ ಪತ್ರದ ಸುಳ್ಳು ಕಾಣಿಸಿತು. ನ್ಯಾಯಪೀಠಕ್ಕೆ ಅಗತ್ಯವಾಗಿದ್ದುದು ಪಾಠಪರೀಕ್ಷೆಯ ವಿದ್ಯೆ. ಅದು ತಕ್ಕ ಹೊತ್ತಿಗೆ ಅಲ್ಲಿಗೆ ಒದಗಲಿಲ್ಲ.

೪

ಭೂಮಿಯ ಲೆಕ್ಕದ ಬಳಿಕ ಜನರ ಲೆಕ್ಕ ಬಂದಿತು. ೧೮೭೧–೭೨ರಲ್ಲಿ ಮೊದಲ ಜನಗಣತಿ ನಡೆದು, ೧೮೮೧ರಿಂದ ಹತ್ತು ವರ್ಷಗಳಿಗೊಮ್ಮೆ ಏಕಕಾಲದ ಗಣತಿಯು ಕ್ರಮವಾಯಿತು. ೧೮೯೦ರ ಅಮೆರಿಕದ ಗಣತಿಯಲ್ಲಿ ಹರ್ಮನ್ ಹಾಲರಿತ್ ಎಂಬವನು ನಿರ್ಮಿಸಿದ ರಂಧ್ರಪತ್ರಯಂತ್ರವು ಬಳಕೆಗೆ ಬಂದು, ಮುಂದಿನ ಗಣಕಯಂತ್ರಗಳಿಗೆ ದಾರಿ ಮಾಡಿಕೊಟ್ಟಿತು. ಒಬ್ಬ ಮನುಷ್ಯನಿಗೆ ಒಂದು ಪತ್ರ, ಒಂದು ಗುಣಕ್ಕೆ ಒಂದು ರಂಧ್ರ: ಎಣಿಕೆಯ ವೇಗವು ಹೆಚ್ಚಿದಂತೆಲ್ಲ ಒಂದು ಪ್ರಶ್ನೆಗೆ ಒಂದೇ ಉತ್ತರವಿರಬೇಕೆಂಬ ನಿರ್ಬಂಧವೂ ಬಿಗಿಯಾಯಿತು.

ಮಾತೃಭಾಷೆ ಯಾವುದೆಂಬ ಪ್ರಶ್ನೆಗೆ ಒಂದೇ ಉತ್ತರ ಕೊಡುವುದು ಕೆಲವು ಸೀಮೆಗಳಲ್ಲಿ ಸುಲಭ, ಈ ಕರಾವಳಿಯಲ್ಲಿ ಹಾಗಲ್ಲ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ ಅಥವಾ ಬ್ಯಾರಿಭಾಷೆ, ಶಾಲೆಯಲ್ಲಿಯೂ ಪತ್ರದಲ್ಲಿಯೂ ಯಕ್ಷಗಾನದಲ್ಲಿಯೂ ಕನ್ನಡ ಎಂಬುದು ಇಲ್ಲಿಯ ಸಹಜಸ್ಥಿತಿ. ಮಂಗಳೂರಿನಲ್ಲಿ ೧೮೮೩ರಲ್ಲಿ ಹುಟ್ಟಿ ಮಂಜೇಶ್ವರದಲ್ಲಿ ನೆಲಸಿದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಮದರಾಸು ಸರಕಾರವು ೧೯೪೯ರಲ್ಲಿ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿದುದು ಕನ್ನಡದ ಕವಿಯಾಗಿ. ಗಣತಿಯ ಹಾಳೆಯಲ್ಲಿ ಅಂಥವರ ಸ್ಥಾನವೆಲ್ಲಿ? ಮಾತೃಭಾಷೆಯ ಅಂಕಣದಲ್ಲಿ ಕೊಂಕಣಿಯೆಂದು ಬರೆದರೆ ಅದು ಸುಳ್ಳಲ್ಲ. ಆದರೆ ಅಷ್ಟರಿಂದ ಸತ್ಯವು ಪೂರ್ಣವಾಗುವುದಿಲ್ಲ.

ಈ ಅಪೂರ್ಣತೆಯ ಬೆಲೆ ಎಷ್ಟೆಂಬುದು ರಾಜ್ಯಗಳ ಪುನರ್ವಿಂಗಡಣೆಯ ಕಾಲದಲ್ಲಿ ತಿಳಿದುಬಂದಿತು. ೧೯೫೬ರ ನವೆಂಬರ್ ೧ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಆ ಕುರಿತ ವಾದದಲ್ಲಿ ಗಣತಿಯ ಭಾಷಾಂಕಿಗಳು ಮುಖ್ಯಪ್ರಮಾಣಗಳಲ್ಲೊಂದಾದುವು. ತುಳು, ಕೊಂಕಣಿ ಮೊದಲಾದ ಮನೆಮಾತುಗಳ ಜನರನ್ನು ಯಾವ ಪಕ್ಷಕ್ಕೆ ಎಣಿಸಬೇಕೆಂಬ ವಿವಾದವು ಅದರೊಡನೆಯೇ ಹುಟ್ಟಿತು. ೧೯೬೬ರಲ್ಲಿ ನೇಮಕವಾದ ಮಹಾಜನ ಆಯೋಗವು ಚಂದ್ರಗಿರಿ ನದಿಯ ಉತ್ತರಭಾಗವು ಆಗಿನ ಮೈಸೂರು ರಾಜ್ಯಕ್ಕೆ ಸೇರತಕ್ಕುದೆಂದು ೧೯೬೭ರ ವರದಿಯಲ್ಲಿ ಹೇಳಿತು. ಆ ಶಿಫಾರಸು ಜಾರಿಗೆ ಬರಲಿಲ್ಲ. ಯಾವ ಪಕ್ಷದ ವಾದವು ಹೆಚ್ಚು ನ್ಯಾಯವಾದುದೆಂಬ ವಿಚಾರ ಪ್ರಕೃತವಲ್ಲ. ಒಂದು ಅಂಕಣದ ರಚನೆಯು ಒಂದು ಗಡಿಯ ರಚನೆಯಲ್ಲಿ ಪಾಲುಗೊಂಡಿತೆಂಬುದಷ್ಟೇ ಇಲ್ಲಿ ಪ್ರಕೃತ.

೨೦೧೧ರ ಗಣತಿಯಲ್ಲಿ ತುಳುವನ್ನು ಮಾತೃಭಾಷೆಯೆಂದು ಹೇಳಿದವರ ಸಂಖ್ಯೆ ೧೮,೪೬,೪೨೭. ಅದರ ಪ್ರಾಚೀನ ಹಸ್ತಪ್ರತಿಗಳ ಲಿಪಿಯು ತುಳು-ತಿಗಳಾರಿಯೆಂಬ ಹೆಸರಿನಿಂದ ಯೂನಿಕೋಡಿನಲ್ಲಿ ಸೇರಿದುದು ೨೦೨೪ರಲ್ಲಿ. ಗಣಕಯಂತ್ರದಲ್ಲಿ ಸಂಕೇತವಿಲ್ಲದ ಅಕ್ಷರವು ಯಂತ್ರದ ಪಾಲಿಗೆ ಇಲ್ಲದ ಅಕ್ಷರವೇ. ಓಲೆಗರಿಯಲ್ಲಿ ಶತಮಾನಗಳಿಂದ ಇದ್ದುದು ಯಂತ್ರದಲ್ಲಿ ಈಚೆಗೆ ಹುಟ್ಟಿತೆಂಬುದು ಆಲೋಚಿಸತಕ್ಕ ವಿಷಯ.

೫

ಇಷ್ಟೆಲ್ಲ ಆದ ಮೇಲೆಯೂ ಭುಕ್ತಿ ಮತ್ತು ಸಾಕ್ಷಿಗಳು ಗೆದ್ದ ಒಂದು ಕಾಲವುಂಟು. ಕರಾವಳಿಯ ಗೇಣಿದಾರರಲ್ಲಿ ಮೂಲಗೇಣಿಯವರಿಗೆ ಶಾಶ್ವತವಾದ ಪತ್ರವಿರುತ್ತಿದ್ದಿತು. ಚಾಲಗೇಣಿಯವರಲ್ಲಿ ಅನೇಕರಿಗೆ ಬಾಯಿಮಾತೇ ಪತ್ರ. ಭೂಸುಧಾರಣಾ ಶಾಸನದ ತಿದ್ದುಪಡಿಯು ೧೯೭೪ರ ಮಾರ್ಚ್ ೧ರಂದು ಜಾರಿಗೆ ಬಂದಾಗ, ಗೇಣಿದಾರನು ಏಳನೆಯ ನಮೂನೆಯಲ್ಲಿ ಅರ್ಜಿಯನ್ನು ಕೊಟ್ಟು ಭೂನ್ಯಾಯಮಂಡಲಿಯ ಮುಂದೆ ನಿಂತನು. ಮೊದಲಲ್ಲಿ ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ದಾಖಲೆಯಲ್ಲಿ ಹೆಸರಿಲ್ಲದವನೂ ತಾನು ಉತ್ತ ನೆಲವನ್ನು ತೋರಿಸಿ, ನೆರೆಯವರನ್ನು ಕರೆದು ಹೇಳಿಸಬಹುದಾಗಿತ್ತು. ಉಳುವವನೇ ಒಡೆಯನೆಂಬ ತತ್ತ್ವವು ಭುಕ್ತಿಪ್ರಮಾಣದ ಪುನಃಪ್ರತಿಷ್ಠೆಯೆಂದರೆ ತಪ್ಪಾಗಲಾರದು. ಸಾಕ್ಷಿಗಳಲ್ಲಿ ಸುಳ್ಳರು ಇರುವುದುಂಟು. ಆದರೆ ಪತ್ರಗಳಲ್ಲಿಯೂ ಅವರಿರುವುದು ಮೇಲೆ ಕಂಡ ವಿಷಯವೇ.

ಶಾನುಭೋಗಿಕೆಯ ವಂಶಪಾರಂಪರ್ಯವನ್ನು ೧೯೬೧ರ ಶಾಸನವು ತೊಡೆದುಹಾಕಿ, ಆ ಕೆಲಸವು ಗ್ರಾಮಲೆಕ್ಕಿಗರಿಗೆ ಬಂದಿತ್ತು. ಈ ಶತಮಾನದ ಆದಿಯಲ್ಲಿ ಭೂಮಿ ಎಂಬ ಯೋಜನೆಯಿಂದ ಕರ್ನಾಟಕದ ಸುಮಾರು ೬೭ ಲಕ್ಷ ಹಿಡುವಳಿದಾರರ ಸುಮಾರು ೨ ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದುವು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ತಾಲೂಕು ಕಚೇರಿಯಲ್ಲಿ ೧೫ ರೂಪಾಯಿ ಕೊಟ್ಟವನಿಗೆ ಅಚ್ಚಾದ ಪ್ರತಿ ದೊರೆಯುವಂತಾಯಿತು. ಲಂಚಕ್ಕೂ ಅಲೆದಾಟಕ್ಕೂ ಬೇಸತ್ತವರಿಗೆ ಇದು ದೊಡ್ಡ ಉಪಕಾರವೆಂಬುದನ್ನು ಅಲ್ಲಗಳೆಯಲಾಗದು. ಆದರೆ ೨೦೦೭ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು ಇನ್ನೊಂದು ಮುಖವನ್ನು ತೋರಿಸಿತು. ಬೆಂಗಳೂರಿನ ಸುತ್ತಮುತ್ತ ಭೂಮಿಯ ವಿವರವು ಒಂದೆಡೆ ಸೇರಿದುದರಿಂದ ದೊಡ್ಡ ಖರೀದಿದಾರರಿಗೆ ಅನುಕೂಲವಾಯಿತೆಂದೂ, ಸಣ್ಣವರು ಸ್ಥಳದಲ್ಲಿಯೇ ಮಾತನಾಡಿ ಸರಿಪಡಿಸಿಕೊಳ್ಳುತ್ತಿದ್ದ ದಾರಿಗಳು ಮುಚ್ಚಿದುವೆಂದೂ ಅವರ ವಾದ. ಯಂತ್ರವು ಹಳೆಯ ಪಹಣಿಯ ತಪ್ಪನ್ನು ಹುಟ್ಟಿಸಲಿಲ್ಲ; ಆ ತಪ್ಪಿಗೆ ಸ್ಥಿರತೆಯನ್ನು ಕೊಟ್ಟಿತು. ಕಡತದಲ್ಲಿ ಒರಸಬಹುದಾಗಿದ್ದುದನ್ನು ಇಲ್ಲಿ ತಿದ್ದಬೇಕಾದರೆ ಅರ್ಜಿ ಬೇಕು, ಅರ್ಜಿಗೆ ಪತ್ರ ಬೇಕು.

ಮನುಷ್ಯನ ದೇಹವೇ ಲೇಖ್ಯವಾದ ಆಧಾರ್ ಸಂಖ್ಯೆಯು ೨೦೧೦ರಿಂದ ಹಂಚಿಕೆಗೆ ಬಂದಾಗ, ಅದನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದವರಲ್ಲಿ ಪ್ರಮುಖರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಗಳು. ಅವರ ಹೆಸರಿನ ವ್ಯಾಜ್ಯದಲ್ಲಿಯೇ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು.

೬

ಬೃಹಸ್ಪತಿಯು ಧರ್ಮಸಭೆಯ ಹತ್ತು ಅಂಗಗಳನ್ನು ಹೇಳುವಲ್ಲಿ ಗಣಕನನ್ನೂ ಲೇಖಕನನ್ನೂ ಸೇರಿಸಿದ್ದಾನೆ. ಗಣಕನ ಕೆಲಸ ಎಣಿಸುವುದು, ಲೇಖಕನ ಕೆಲಸ ಬರೆಯುವುದು. ಕಾರ್ಯವನ್ನು ಪರೀಕ್ಷಿಸುವ ಕೆಲಸವು ಸಭ್ಯರದು. ಈ ವಿಭಾಗವು ಇಂದಿಗೂ ಮನನೀಯವಾದುದು. ಗಣಕನ ಹೆಸರನ್ನು ಹೊತ್ತ ಯಂತ್ರವು ಲೇಖಕನ ಕೆಲಸವನ್ನೂ ವಹಿಸಿಕೊಂಡಿದೆ. ಸಭ್ಯರ ಪೀಠವನ್ನೂ ಅದಕ್ಕೆ ಬಿಟ್ಟುಕೊಡಬಹುದೆ ಎಂಬುದೇ ಉನ್ನತ ವ್ಯಾಸಂಗವು ವಿಚಾರಿಸಬೇಕಾದ ಪ್ರಶ್ನೆ.

ಈ ವಿಚಾರಣೆಗೆ ಗಣಿತದ ಜ್ಞಾನವು ಅವಶ್ಯ. ಆದರೆ ಅದೊಂದೇ ಸಾಲದು. ಶಾಸನವನ್ನೂ ಹಸ್ತಪ್ರತಿಯನ್ನೂ ಓದುವ ವಿದ್ಯಾರ್ಥಿಯು ಕೇಳುವ ಪ್ರಶ್ನೆಗಳೇ ಇಲ್ಲಿಯೂ ಬೇಕಾದುವು. ಇದನ್ನು ಬರೆಯಿಸಿದವನಾರು? ಯಾವ ಉದ್ದೇಶಕ್ಕಾಗಿ? ಪ್ರತಿಯಿಂದ ಪ್ರತಿಗೆ ಬರುವಾಗ ಯಾವ ಅಕ್ಷರ ಬಿದ್ದುಹೋಯಿತು? ಹೇಳದೆ ಬಿಟ್ಟುದು ಯಾವುದು? ಕೊಣಾಜೆಯ ಗುಡ್ಡದ ಮೇಲೆ ೧೯೮೦ರಲ್ಲಿ ಸ್ಥಾಪಿತವಾದ ಮಂಗಳೂರು ವಿಶ್ವವಿದ್ಯಾನಿಲಯದ ಸುತ್ತಲ ಒಂದೊಂದು ಗ್ರಾಮದಲ್ಲಿಯೂ ಈ ಅಭ್ಯಾಸಕ್ಕೆ ಸಾಮಗ್ರಿಯುಂಟು: ಒಂದು ಹಳೆಯ ವರ್ಗದ ಲೆಕ್ಕ, ಅದರ ಇಂದಿನ ಪಹಣಿ, ಏಳನೆಯ ನಮೂನೆಯ ಅರ್ಜಿಯನ್ನು ಕೊಟ್ಟವರ ನೆನಪು. ಈ ಮೂರನ್ನೂ ಎದುರೆದುರು ಇಟ್ಟು ಓದಿಸುವುದು ಕನ್ನಡದ ಅಧ್ಯಾಪಕನಿಗೆ ಅಸಾಧ್ಯವಾದ ಕೆಲಸವಲ್ಲ. ಆದರೆ ಆ ನೆನಪುಳ್ಳವರು ವೃದ್ಧರಾಗಿದ್ದಾರೆ. ಪತ್ರವು ಉಳಿದು ಸಾಕ್ಷಿಯು ಅಳಿಯುವ ಕಾಲವು ಹತ್ತಿರವಾಗಿದೆ.

೨೦೨೫ರ ಜೂನ್ ತಿಂಗಳಿನಲ್ಲಿ ಹೊರಟ ಅಧಿಸೂಚನೆಯು ಮುಂದಿನ ಜನಗಣತಿಯನ್ನು ೨೦೨೭ಕ್ಕೆ ನಿಶ್ಚಯಿಸಿತು. ಕಾಗದದ ಹಾಳೆಗೆ ಬದಲಾಗಿ ಯಂತ್ರದಲ್ಲಿಯೇ ಉತ್ತರಗಳನ್ನು ಬರೆದುಕೊಳ್ಳುವ ಏರ್ಪಾಡೂ ಅದಕ್ಕಾಗಿ ಆಯಿತು. ಕರಾವಳಿಯ ಮನೆಬಾಗಿಲಲ್ಲಿ ಮಾತೃಭಾಷೆ ಯಾವುದೆಂದು ಕೇಳುವ ಪ್ರಶ್ನೆಗೆ ಬರುವ ಒಂದು ಪದದ ಉತ್ತರವನ್ನು ಯಂತ್ರವು ಕ್ಷಣಮಾತ್ರದಲ್ಲಿ ಎಣಿಸಬಲ್ಲುದು. ಆ ಒಂದು ಪದದ ಹಿಂದೆ ಇರುವ ಮೂರು ನುಡಿಗಳ ಬಾಳನ್ನು ತಿಳಿಸಬಲ್ಲವರು ಭುಕ್ತಿಯನ್ನೂ ಸಾಕ್ಷಿಯನ್ನೂ ಮರೆಯದ ವಿದ್ಯಾವಂತರು ಮಾತ್ರ.