ಸ್ವೇದಜವೋ ಅಂಡಜವೋ: ಹೇನನ್ನು ಕುರಿತ ತಿಳಿವಳಿಕೆಯ ಚರಿತ್ರೆ

ತಲೆಯ ಹೇನು ಮಾನವಕುಲದ ಅತಿ ಹಳೆಯ ಸಂಗಾತಿಗಳಲ್ಲೊಂದು. ಆದರೂ ಚರಿತ್ರಕಾರರು ಅದರತ್ತ ಹರಿಸಿದ ಗಮನ ಅಲ್ಪವೇ ಸರಿ. ಈ ಜೀವಿ ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಪಂಡಿತರು ಕೊಟ್ಟ ಉತ್ತರವೊಂದು. ಅದನ್ನು ನಿವಾರಿಸಲು ಮನೆಯ ಹೆಂಗಸರು ಹಿಡಿದ ಕ್ರಮದಿಂದ ಹೊರಡುವ ಉತ್ತರ ಮತ್ತೊಂದು. ಇವೆರಡರ ನಡುವಣ ಅಂತರವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಭಾಷೆಯ ಸಾಕ್ಷ್ಯವನ್ನು ನೋಡೋಣ. ತಮಿಳಿನ 'ಪೇನ್', ತೆಲುಗಿನ 'ಪೇನು', ಕನ್ನಡದ 'ಹೇನು' ಇವು ಒಂದೇ ಮೂಲದ ಶಬ್ದಗಳು. ಕನ್ನಡದಲ್ಲಿ ಮೊದಲ ಪಕಾರವು ಹಕಾರವಾಗಿದೆ. ಮೊಟ್ಟೆಗೆ ನಮ್ಮಲ್ಲಿ 'ಸೀರು' ಎಂದು ಹೆಸರು, ತಮಿಳಿನಲ್ಲಿ 'ಈರು'. ಬಟ್ಟೆಯನ್ನು ಹತ್ತುವ ಜಾತಿಗೆ 'ಕೂರೆ' ಎಂಬ ಬೇರೆ ಹೆಸರೇ ಉಂಟು. ಇನ್ನು ಒತ್ತು ಹಲ್ಲಿನ ಹಣಿಗೆಯನ್ನು 'ಸೀರಣಿಗೆ' ಎನ್ನುತ್ತಾರೆ. ಹಣಿಗೆಗೆ ಹೇನಿನ ಹೆಸರು ಬಾರದೆ ಸೀರಿನ ಹೆಸರು ಬಂದುದು ಗಮನಾರ್ಹ. ಸೀರು ಉಳಿದರೆ ಹೇನು ತಪ್ಪದೆಂಬ ಅನುಭವ ಈ ಪದದಲ್ಲಿ ಅಡಗಿದೆಯೆಂದು ನಾವು ಭಾವಿಸುತ್ತೇವೆ.

ಶಾಸ್ತ್ರಕಾರರ ಮತ ಬೇರೆ. ಮನುಸ್ಮೃತಿಯ ಮೊದಲನೆಯ ಅಧ್ಯಾಯವು ಜೀವಿಗಳನ್ನು ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜವೆಂದು ವಿಂಗಡಿಸಿ, ಸೊಳ್ಳೆ, ನೊಣ, ತಿಗಣೆಗಳೊಡನೆ ಹೇನನ್ನೂ ಸ್ವೇದಜ, ಎಂದರೆ ಬೆವರಿನಿಂದ ಹುಟ್ಟಿದುದು, ಎಂದು ಎಣಿಸುತ್ತದೆ. ಆದರೆ ಕೌಟಿಲ್ಯನ ಅರ್ಥಶಾಸ್ತ್ರದ ಅಳತೆಯ ಪಟ್ಟಿಯಲ್ಲಿ ಎಂಟು ಲಿಕ್ಷೆಗಳಿಗೆ ಒಂದು ಯೂಕೆ, ಎಂಟು ಯೂಕೆಗಳಿಗೆ ಒಂದು ಯವಮಧ್ಯ, ಎಂಟು ಯವಮಧ್ಯಗಳಿಗೆ ಒಂದು ಅಂಗುಲ. ಈ ಗ್ರಂಥವನ್ನು ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಲೋಕಕ್ಕೆ ಒಪ್ಪಿಸಿದರು. ಲಿಕ್ಷೆಯೆಂದರೆ ಸೀರು, ಯೂಕೆಯೆಂದರೆ ಹೇನು. ಅಳತೆಯಲ್ಲಿ ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟ ವಿದ್ವತ್ಪರಂಪರೆಯೇ ಹುಟ್ಟನ್ನು ಹೇಳುವಾಗ ಬೆವರಿನ ಮೊರೆಹೊಕ್ಕಿತು.

ಈ ವೈಚಿತ್ರ್ಯ ಭಾರತಕ್ಕೆ ಮಾತ್ರ ಸೀಮಿತವಲ್ಲ. ಗ್ರೀಸಿನ ಅರಿಸ್ಟಾಟಲನು ಹೇನು ಪ್ರಾಣಿಗಳ ಮಾಂಸದಿಂದ ಹುಟ್ಟುತ್ತದೆಂದೂ, ಅದು ಸೀರನ್ನು ಇಡುವುದಾದರೂ ಆ ಸೀರಿನಿಂದ ಮುಂದೆ ಏನೂ ಹುಟ್ಟುವುದಿಲ್ಲವೆಂದೂ ಬರೆದನು. ಅವನಿಗೂ ಹಿಂದಿನ ಸಾಕ್ಷ್ಯವೊಂದು ಇಸ್ರೇಲಿನ ಲಾಖೀಶ್ ಎಂಬಲ್ಲಿ 2016ರಲ್ಲಿ ದೊರೆಯಿತು. ಅದು ಮೂರೂವರೆ ಸೆಂಟಿಮೀಟರು ಉದ್ದದ ಒಂದು ದಂತದ ಹಣಿಗೆ. ಒಂದು ಬದಿಯಲ್ಲಿ ಆರು ದಪ್ಪ ಹಲ್ಲುಗಳು, ಮತ್ತೊಂದು ಬದಿಯಲ್ಲಿ ಹದಿನಾಲ್ಕು ಒತ್ತು ಹಲ್ಲುಗಳು. 2022ರಲ್ಲಿ ಪ್ರಕಟವಾದ ಅಧ್ಯಯನದಂತೆ ಅದರ ಮೇಲೆ ಕಾನಾನ್ ಲಿಪಿಯ ಹದಿನೇಳು ಅಕ್ಷರಗಳಿವೆ. ತಲೆಯ ಮತ್ತು ಗಡ್ಡದ ಹೇನು ನಿರ್ಮೂಲವಾಗಲೆಂಬುದು ಅವುಗಳ ತಾತ್ಪರ್ಯ. ಲಿಪಿಯ ಆಧಾರದಿಂದ ಅದರ ಕಾಲವನ್ನು ಸುಮಾರು ಕ್ರಿ.ಪೂ. 1700 ಎಂದು ಊಹಿಸಲಾಗಿದೆ.

ಹೇನಿನ ಹುಟ್ಟಿನ ಪ್ರಶ್ನೆ ಬಗೆಹರಿಯತೊಡಗಿದುದು ಹದಿನೇಳನೆಯ ಶತಮಾನದ ಯೂರೋಪಿನಲ್ಲಿ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ಕಂಡ ಹೇನಿನ ದೊಡ್ಡ ಚಿತ್ರವನ್ನು ಪ್ರಕಟಿಸಿದನು. 1668ರಲ್ಲಿ ಇಟಲಿಯ ಫ್ರಾಂಚೆಸ್ಕೊ ರೆಡಿ, ಮುಚ್ಚಿಟ್ಟ ಮಾಂಸದಲ್ಲಿ ಹುಳು ಹುಟ್ಟದೆಂದು ಪ್ರಯೋಗದಿಂದ ತೋರಿಸಿದನು. ಹಾಲೆಂಡಿನ ಲೇವನ್‌ಹುಕ್ ಹೆಣ್ಣು ಹೇನುಗಳನ್ನು ತನ್ನ ಕಾಲುಚೀಲದೊಳಗೆ ಕೆಲವು ದಿನ ಸಾಕಿ, ಅವು ಇಟ್ಟ ಮೊಟ್ಟೆಗಳನ್ನು ಎಣಿಸಿದನು. ಸ್ವೇದಜವೆನಿಸಿದ್ದುದು ಹೀಗೆ ಅಂಡಜವಾಯಿತು.

ಬೆವರಿನ ಸಿದ್ಧಾಂತ ಬಿದ್ದಿತಾದರೂ ಅದು ಹೊರಿಸಿದ್ದ ಕಳಂಕ ಬೀಳಲಿಲ್ಲ. ಹೇನು ಕೊಳಕಿನಿಂದ ಬರುವುದೆಂಬ ನಂಬಿಕೆಗೆ ಇಪ್ಪತ್ತನೆಯ ಶತಮಾನದಲ್ಲಿ ಹೊಸ ಆಧಾರ ದೊರೆತಂತಾಯಿತು. 1909ರಲ್ಲಿ ಷಾರ್ಲ್ ನಿಕೋಲ್ ಟ್ಯೂನಿಸ್ ನಗರದಲ್ಲಿ ಟೈಫಸ್ ಜ್ವರವನ್ನು ಹರಡುವುದು ಹೇನೆಂದು ಕಂಡುಹಿಡಿದನು. 1928ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ಆದರೆ ಆ ರೋಗವನ್ನು ಹರಡುವುದು ಬಟ್ಟೆಯ ಕೂರೆ. ಒಗೆಯದ ಉಡುಪು, ಯುದ್ಧ, ಸೆರೆಮನೆ, ಕ್ಷಾಮಗಳಲ್ಲಿ ಅದು ಹೆಚ್ಚುತ್ತದೆ. ತಲೆಯ ಹೇನಾದರೋ ತೊಳೆದ ಕೂದಲು, ತೊಳೆಯದ ಕೂದಲು ಎಂಬ ಭೇದವೆಣಿಸದು. ಅದು ಹಾರಲಾರದು, ನೆಗೆಯಲಾರದು. ತಲೆಗೆ ತಲೆ ತಾಗಿದಾಗ ದಾಟಿಕೊಳ್ಳುತ್ತದೆ. ನಮ್ಮ ಭಾಷೆ ಎರಡು ಹೆಸರಿಟ್ಟು ಬೇರ್ಪಡಿಸಿದ್ದುದನ್ನು ಲೋಕಾಪವಾದವು ಒಂದಾಗಿಸಿ, ಕೂರೆಯ ಅಪರಾಧವನ್ನು ಹೇನಿನ ಮೇಲೂ ಹೇನುಳ್ಳ ಮಗುವಿನ ಮೇಲೂ ಹೊರಿಸಿತು.

ಔಷಧಗಳ ಕಥೆಯನ್ನೂ ಇಲ್ಲಿ ನೆನೆಯಬೇಕು. ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಪಾಲ್ ಮುಲ್ಲರ್ 1939ರಲ್ಲಿ ಗುರುತಿಸಿದನು. 1943-44ರ ಚಳಿಗಾಲದಲ್ಲಿ ನೇಪಲ್ಸ್ ನಗರದ ಟೈಫಸ್ ಹತೋಟಿಗೆ ಬಂದುದರಲ್ಲಿ ಈ ಪುಡಿಯ ಪಾತ್ರ ದೊಡ್ಡದು. ಆದರೆ ಹತ್ತು ವರ್ಷ ತುಂಬುವ ಮೊದಲೇ, ಕೊರಿಯಾ ಯುದ್ಧದ ಕಾಲದಲ್ಲಿ, ಅದಕ್ಕೆ ಜಗ್ಗದ ಕೂರೆಗಳು ಕಂಡುಬಂದವು. ಆಮೇಲೆ ತಲೆಯ ಹೇನಿಗೆಂದು ಬಳಕೆಗೆ ಬಂದ ಪರ್ಮೆತ್ರಿನ್ ಔಷಧಕ್ಕೂ ಅನೇಕ ದೇಶಗಳಲ್ಲಿ ಇದೇ ಗತಿಯಾಗಿದೆ.

ಹಣಿಗೆಗೆ ಜಗ್ಗದಿರುವ ಉಪಾಯವನ್ನು ಮಾತ್ರ ಹೇನು ಕಲಿತಿಲ್ಲ. ಸೀರು ಒಡೆಯಲು ಸುಮಾರು ಏಳರಿಂದ ಹತ್ತು ದಿನ ಬೇಕು. ಮರಿ ಬೆಳೆದು ಮೊಟ್ಟೆಯಿಡಲು ಮತ್ತಷ್ಟೇ ದಿನಗಳು. ಆದಕಾರಣ ಕೂದಲನ್ನು ನೆನೆಸಿ, ಮೂರು ನಾಲ್ಕು ದಿನಗಳಿಗೊಮ್ಮೆ, ಎರಡು ವಾರಕ್ಕೆ ಕಡಿಮೆಯಾಗದಂತೆ ಸೀರಣಿಗೆಯಿಂದ ಬಾಚಿದರೆ ಹೊಸ ಪೀಳಿಗೆಗೆ ಎಡೆಯಿಲ್ಲ. ಔಷಧ ಹಚ್ಚಿದಾಗಲೂ ಈ ಲೆಕ್ಕವನ್ನು ಮರೆಯಬಾರದು.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2022ರ ವರದಿಯಲ್ಲಿ, ಹೇನಿನ ಕಾರಣದಿಂದ ಆರೋಗ್ಯವಂತ ಮಗುವನ್ನು ಪಾಠದಿಂದ ಹೊರಗಿಡಬಾರದೆಂದು ಹೇಳಿದೆ. ಹೇನು ಅಂಡಜವೆಂದು ಒಪ್ಪಿದ ಮೇಲೆ ಈ ಮಾತನ್ನೂ ಒಪ್ಪಬೇಕಾಗುತ್ತದೆ. ಪಕ್ಕದಲ್ಲಿ ಕುಳಿತ ಗೆಳತಿಯ ತಲೆಯಿಂದ ಬಂದ ಹೇನಿಗಾಗಿ ಹುಡುಗಿಯೊಬ್ಬಳು ತರಗತಿಯಲ್ಲಿ ತಲೆತಗ್ಗಿಸಬೇಕಾದರೆ, ಮೂರೂವರೆ ಶತಮಾನಗಳ ಹಿಂದೆಯೇ ಮುರಿದುಬಿದ್ದ ಸ್ವೇದಜವಾದವನ್ನು ನಾವಿನ್ನೂ ಬಿಟ್ಟಿಲ್ಲವೆಂದೇ ಅರ್ಥ.