ಶ್ರೀರಂಗಪಟ್ಟಣದ ಗವರ್ನರನೂ ದಾಸ್ಯದ ಸಮರ್ಥನೆಯೂ

ಗುಲಾಮಗಿರಿಯ ಸಮರ್ಥಕರೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಬರುವುದು ಅಮೆರಿಕದ ದಕ್ಷಿಣ ಸಂಸ್ಥಾನಗಳು. ದಕ್ಷಿಣ ಕೆರೊಲಿನಾದ ಜೇಮ್ಸ್ ಹೆನ್ರಿ ಹ್ಯಾಮಂಡ್ 1836ರಲ್ಲಿ ಪ್ರತಿನಿಧಿ ಸಭೆಯಲ್ಲಿ ನಿಂತು, ದಾಸ್ಯವು ಶಾಪವಲ್ಲ, ವರ ಎಂದು ವಾದಿಸಿದನು. ಮರುವರ್ಷ ಜಾನ್ ಸಿ. ಕ್ಯಾಲ್‌ಹೂನ್ ಸೆನೆಟ್ಟಿನಲ್ಲಿ ಅದನ್ನೇ ಇನ್ನೂ ಬಿಗಿಯಾಗಿ ಹೇಳಿದನು. ಮದುವೆಯ ಮೂಲಕ ಹ್ಯಾಮಂಡನ ಕೈಗೆ ಬಂದ ತೋಟದೊಡನೆ 147 ಮಂದಿ ದಾಸರೂ ಬಂದಿದ್ದರು. ಆದುದರಿಂದ ಅವನ ವಾದದ ಮೂಲ ಎಲ್ಲಿದೆಯೆಂದು ಹುಡುಕಬೇಕಾದ ಕಷ್ಟವಿಲ್ಲ. ಆದರೆ ಇದಕ್ಕೆ ಮೂರು ವರ್ಷ ಮೊದಲೇ, ತನ್ನದೆಂದು ಹೇಳಿಕೊಳ್ಳಲು ಒಬ್ಬ ಭಾರತೀಯ ದಾಸನೂ ಇಲ್ಲದಿದ್ದ ಒಬ್ಬ ರಾಜಕಾರಣಿ ನಮ್ಮ ನಾಡಿನ ದಾಸ್ಯವನ್ನು ಲಂಡನ್ನಿನಲ್ಲಿ ಸಮರ್ಥಿಸಿದ್ದನು. ಅವನ ಸಾಕ್ಷ್ಯದ ಬಹುಭಾಗ ಕನ್ನಡ ನೆಲದ ಅನುಭವವೇ ಆಗಿತ್ತು. ಅವನೇ ವಾಟರ್ಲೂ ಖ್ಯಾತಿಯ ಡ್ಯೂಕ್ ಆಫ್ ವೆಲ್ಲಿಂಗ್ಟನ್, ಅಂದರೆ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಬರುವ ಕರ್ನಲ್ ಆರ್ಥರ್ ವೆಲ್ಲೆಸ್ಲಿ.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ ಅದರ ಆಡಳಿತವನ್ನು ವೆಲ್ಲೆಸ್ಲಿಗೆ ವಹಿಸಲಾಯಿತು. ಅವನು ಟಿಪ್ಪುವಿನ ದೌಲತ್ ಬಾಗಿನಲ್ಲಿ ಬಿಡಾರ ಮಾಡಿದನು. 1800ರ ಸೆಪ್ಟೆಂಬರ್ 10ರಂದು ಧೋಂಡಿಯ ವಾಘನನ್ನು ಕೊಂದ ಕಾಳಗದ ನಂತರ, ವೈರಿಯ ಸಾಮಾನುಗಳ ನಡುವೆ ಸಿಕ್ಕಿದ ನಾಲ್ಕು ವರ್ಷದ ಮಗ ಸಲಾಬತ್ ಖಾನನನ್ನು ತಾನೇ ಸಾಕಿಸಿದನು. 1805ರಲ್ಲಿ ದೇಶ ಬಿಡುವಾಗ ಅವನ ಪಾಲನೆಗೆ ಹಣವನ್ನೂ ಇಟ್ಟುಹೋದನು. ಈ ಮನುಷ್ಯನಲ್ಲಿ ಕರುಣೆ ಇತ್ತೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ನ್ಯಾಯ. ಒಪ್ಪಿಕೊಂಡರೇ ಮುಂದಿನ ಪ್ರಶ್ನೆಯ ತೂಕ ತಿಳಿಯುತ್ತದೆ.

ಅದೇ ಶ್ರೀರಂಗಪಟ್ಟಣದ ಇನ್ನೊಂದು ಪ್ರಸಂಗವನ್ನು ಇದರ ಪಕ್ಕದಲ್ಲಿ ಇಡಬೇಕು. ಟಿಪ್ಪುವಿನ ಕಾಲದಲ್ಲಿ ಕುಟುಂಬಗಳಿಂದ ಅಗಲಿಸಿ ಅಂತಃಪುರಕ್ಕೆ ತರಲಾಗಿದ್ದ ಕ್ರೈಸ್ತ ಸ್ತ್ರೀಯರನ್ನು ಅವರ ಮನೆಯವರಿಗೆ ಒಪ್ಪಿಸಬೇಕೆಂದು ಪಾದ್ರಿ ಅಬ್ಬೆ ದುಬಾಯ್ ಬೇಡಿಕೊಂಡನು. ವೆಲ್ಲೆಸ್ಲಿ ನಿರಾಕರಿಸಿದನು. ಕಂಪನಿಯು ಸುಲ್ತಾನನ ಮನೆತನವನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡಿದೆ, ಅದರ ಮಾನಕ್ಕೆ ಲೋಕದ ಕಣ್ಣಿನಲ್ಲಿ ಕುಂದು ಬರುವ ಯಾವ ಕೆಲಸವೂ ಸಲ್ಲದು ಎಂಬುದು ಅವನ ಕಾರಣ. ಸತ್ತ ಅರಸನ ಮಾನ ಮತ್ತು ಬದುಕಿರುವ ಸೆರೆಯಾಳಿನ ಬಿಡುಗಡೆ ಎರಡನ್ನೂ ತೂಗಿದಾಗ ಅವನ ತಕ್ಕಡಿ ಅರಸನ ಕಡೆಗೆ ವಾಲಿತು. ಇದನ್ನು ದುಷ್ಟತನವೆಂದು ನಾನು ಕರೆಯಲಾರೆ. ಆಡಳಿತದ ಸೌಕರ್ಯ ಎನ್ನುತ್ತೇನೆ. 1833ರ ಭಾಷಣದ ಬೀಜ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಆ ವರ್ಷ ಬ್ರಿಟಿಷ್ ಸಂಸತ್ತಿನ ಮುಂದೆ ಎರಡು ಮಸೂದೆಗಳಿದ್ದವು. ಒಂದು ವೆಸ್ಟ್ ಇಂಡೀಸ್ ಮೊದಲಾದ ವಸಾಹತುಗಳ ಗುಲಾಮಗಿರಿಯನ್ನು ಕೊನೆಗೊಳಿಸಿ, ಒಡೆಯರಿಗೆ 2 ಕೋಟಿ ಪೌಂಡ್ ಪರಿಹಾರವನ್ನು ಕೊಟ್ಟಿತು. ಆದರೆ ಕಂಪನಿಯ ಅಧೀನದ ಪ್ರದೇಶಗಳನ್ನು ಅದರಿಂದ ಹೊರಗಿಡಲಾಯಿತು. ಇನ್ನೊಂದು ಕಂಪನಿಯ ಸನ್ನದು ನವೀಕರಣದ್ದು. ಇದರ ಮೂಲ ಕರಡಿನಲ್ಲಿ ಭಾರತದ ದಾಸ್ಯವು 1837ರೊಳಗೆ ಅಳಿಯಬೇಕೆಂದು ಗಡುವು ಇತ್ತು. ಪ್ರಭುಗಳ ಸಭೆಯಲ್ಲಿ ವೆಲ್ಲಿಂಗ್ಟನ್ ಎದ್ದು ಇದನ್ನು ವಿರೋಧಿಸಿದನು. ತಾನು ಆ ದೇಶದಲ್ಲಿ ಸೇವೆ ಸಲ್ಲಿಸಿದ್ದೇನೆ, ಆ ಜನರ ನಡುವೆ ಬಾಳಿದ್ದೇನೆ. ದಾಸರ ಮೇಲೆ ಕ್ರೌರ್ಯ ನಡೆದ ಒಂದು ನಿದರ್ಶನವನ್ನೂ ಕಂಡಿಲ್ಲ, ಅವರನ್ನು ದಾಸರೆಂದು ಕರೆಯುವುದೇ ಸಂದೇಹಾಸ್ಪದ. ಭಾರತದ ಪ್ರಭುತ್ವ ಉಳಿಯಬೇಕಾದರೆ ಈ ವಿಷಯವನ್ನು ಹಗುರವಾಗಿ ಮುಟ್ಟಿರಿ ಎಂಬುದು ಅವನ ಮಾತಿನ ಸಾರ. ಕೊನೆಗೆ ಗಡುವು ಬಿದ್ದುಹೋಯಿತು. ದಾಸ್ಯವನ್ನು ತಗ್ಗಿಸುವ ಮತ್ತು ಕ್ರಮೇಣ ಅಳಿಸುವ ಉಪಾಯಗಳನ್ನು ಗವರ್ನರ್ ಜನರಲ್ ಪರಿಶೀಲಿಸತಕ್ಕದ್ದು ಎಂಬ ಸಡಿಲವಾದ 88ನೆಯ ಕಲಮು ಉಳಿಯಿತು.

ಈ ಸಾಕ್ಷ್ಯವನ್ನು ಪರೀಕ್ಷಿಸಲು ನಾವು ದೂರ ಹೋಗಬೇಕಾಗಿಲ್ಲ. ವೆಲ್ಲೆಸ್ಲಿ ಧೋಂಡಿಯನ ಬೆನ್ನಟ್ಟಿದ್ದ 1800ರಲ್ಲಿಯೇ, ಅವನ ಅಣ್ಣ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯ ಆದೇಶದ ಮೇರೆಗೆ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರುಗಳ ಪ್ರವಾಸಕ್ಕೆ ಹೊರಟಿದ್ದನು. ಅವನು ನಮ್ಮ ಮಧುಗಿರಿ, ಸಿರಾಗಳನ್ನೂ ಹಾದುಹೋದವನು. ಅವನ ಮೂರು ಸಂಪುಟಗಳು 1807ರಲ್ಲಿ ಅಚ್ಚಾದವು. ಬಿತ್ತನೆ, ಕೂಲಿ, ಕಂದಾಯಗಳನ್ನು ಊರೂರಿನಲ್ಲಿ ಕೇಳಿ ಬರೆದುಕೊಂಡಂತೆಯೇ ದಾಸರ ಕ್ರಯವಿಕ್ರಯಗಳನ್ನೂ ಅವನು ಬರೆದುಕೊಂಡನು. ಮಲಬಾರಿನಲ್ಲಿ ಚೆರುಮರನ್ನು ಮಾರಾಟ, ಅಡವು, ಗುತ್ತಿಗೆ ಎಂಬ ಮೂರು ಬಗೆಯಲ್ಲಿ, ಹೊಲವನ್ನು ಹೇಗೋ ಹಾಗೆಯೇ, ಕೈ ಬದಲಾಯಿಸುತ್ತಿದ್ದರು. ಕೊನೆಯ ಎರಡನ್ನು ಬುಕಾನನ್ ಅತ್ಯಂತ ಹೇಯವೆಂದು ಖಂಡಿಸುತ್ತಾನೆ. ಅವನ ತರ್ಕ ನೀತಿಬೋಧಕನದಲ್ಲ, ಲೆಕ್ಕಿಗನದು: ದುಡಿಸಿಕೊಳ್ಳುವವನೂ ಕೂಳು ಹಾಕುವವನೂ ಒಬ್ಬನೇ ಆಗಿ, ದಾಸನ ನಾಳೆಯ ಬಗ್ಗೆ ಅವನಿಗೆ ಯಾವ ಹಿತವೂ ಇಲ್ಲದಿದ್ದರೆ, ದುಡಿತವನ್ನು ಹೆಚ್ಚಿಸಿ ಕೂಳನ್ನು ಇಳಿಸುವುದೇ ಲಾಭ. ಒಬ್ಬನ ಕಣ್ಣಿಗೆ ಬಿದ್ದದ್ದು ಮತ್ತೊಬ್ಬನ ಕಣ್ಣಿಗೆ ಬೀಳಲಿಲ್ಲವೇಕೆ? ಬುಕಾನನ್ ಗದ್ದೆಯಲ್ಲಿ ನಿಂತು ಕೇಳಿದನು. ವೆಲ್ಲೆಸ್ಲಿ ಕಂಡದ್ದು ಹೆಚ್ಚಾಗಿ ಪಾಳೆಯದ ಸೇವಕರನ್ನು, ಸಿಪಾಯಿಗಳ ಗುಡಿಸಲುಗಳಲ್ಲಿದ್ದ ದಾಸಿಯರನ್ನು. ಅವರನ್ನಾದರೂ ಅವನು ಮಾತನಾಡಿಸಿದ ಸೂಚನೆ ಭಾಷಣದಲ್ಲಿಲ್ಲ.

ಕನ್ನಡ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು. ‘ನಮ್ಮಲ್ಲಿ ಗುಲಾಮಗಿರಿಯೇ ಇರಲಿಲ್ಲ, ಇದ್ದದ್ದು ಜೋಳವಾಳಿ, ವೇಳೆವಾಳಿಗಳ ನಿಷ್ಠೆ’ ಎಂಬ ಮಾತನ್ನು ವಿಚಾರ ಸಂಕಿರಣಗಳಲ್ಲಿ ಕೇಳುತ್ತೇವೆ. ವೀರಗಲ್ಲಿನಲ್ಲಿ ಹೆಸರು ಪಡೆದ ಲೆಂಕನೂ, ಹೊಲದೊಡನೆ ಕೈ ಬದಲಾದ ಮೂಲದ ಹೊಲೆಯನೂ ಒಂದೇ ಅಲ್ಲ. ಹಳಗನ್ನಡದಲ್ಲಿ ‘ಜೀತ’ವೆಂದರೆ ಸಂಬಳ, ಬಾಳಿಗೆ ಆಧಾರವಾದ ಜೀವಿತ. ಆ ಶಬ್ದವು ಸಂಬಳವಿಲ್ಲದ ದುಡಿಮೆಗೆ ಹೆಸರಾಗುವವರೆಗೆ ಇಳಿದುಬಂದ ದಾರಿ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದದ್ದು. ಜೈನ ಶಾಸ್ತ್ರವೂ ಇದಕ್ಕೆ ಹೊರತಲ್ಲವೆಂದು ಸಂಕೋಚದಿಂದಲೇ ಹೇಳಬೇಕು. ತತ್ತ್ವಾರ್ಥಸೂತ್ರದ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ ಹೊಲ, ಮನೆ, ಹೊನ್ನು, ಧಾನ್ಯಗಳ ಸಾಲಿನಲ್ಲಿಯೇ ದಾಸೀದಾಸರೂ ಬರುತ್ತಾರೆ. ಶ್ರಾವಕನಿಗೆ ಅಲ್ಲಿರುವುದು ಮಿತಿಯೇ ಹೊರತು ನಿಷೇಧವಲ್ಲ.

ಮತ್ತೆ ಕಾನೂನಿಗೆ ಬರೋಣ. ಲಾ ಕಮಿಷನ್ನಿನ ವರದಿ ಸಿದ್ಧವಾದದ್ದು 1841ರಲ್ಲಿ. ಐದನೆಯ ಆಕ್ಟು ಹೊರಟದ್ದು 1843ರ ಏಪ್ರಿಲ್ 7ರಂದು. ನಾಲ್ಕೇ ಕಲಮುಗಳ ಈ ಶಾಸನವು ಯಾರನ್ನೂ ‘ಬಿಡುಗಡೆ’ ಮಾಡಲಿಲ್ಲ. ಡಿಕ್ರಿಗಾಗಿ, ಕಂದಾಯಕ್ಕಾಗಿ ಮನುಷ್ಯರನ್ನು ಸರ್ಕಾರಿ ಅಧಿಕಾರಿಗಳು ಮಾರಬಾರದು, ಒಡೆತನದ ಹಕ್ಕನ್ನು ಕೋರ್ಟು ಮಾನ್ಯ ಮಾಡದು, ದಾಸನ ಆಸ್ತಿ ಅವನದೇ, ಸ್ವತಂತ್ರನ ಮೇಲೆ ನಡೆದರೆ ಅಪರಾಧವಾಗುವುದು ದಾಸನ ಮೇಲೆ ನಡೆದರೂ ಅಪರಾಧವೇ ಎಂದಷ್ಟೇ ಹೇಳಿತು. ದಾಸನನ್ನಾಗಿ ಕೊಳ್ಳುವುದೂ ಮಾರುವುದೂ ಶಿಕ್ಷಾರ್ಹವಾದದ್ದು 1862ರಲ್ಲಿ ದಂಡಸಂಹಿತೆ ಜಾರಿಗೆ ಬಂದಾಗ. ಕಂಪನಿಯ ಆಳ್ವಿಕೆಯಲ್ಲಿದ್ದ ಕೆನರಾ, ಬಳ್ಳಾರಿ, ಧಾರವಾಡ, ಕೊಡಗುಗಳ ದಾಸರಿಗೆ ಆ ಬಿದ್ದುಹೋದ ಗಡುವಿನ ಬೆಲೆ ಎಷ್ಟಾಯಿತೆಂದು ಇದರಿಂದ ಊಹಿಸಬಹುದು.

ಪಾವಗಡ ಸೀಮೆ ಮೈಸೂರು ಸಂಸ್ಥಾನದ್ದು. ಇಲ್ಲಿ ದಾಸ್ಯದ ರೂಪ ಬೇರೆ. ಕನ್ನಡ, ತೆಲುಗು ಎರಡೂ ಆಡುವ ಕ್ಯಾತಗಾನಚೆರ್ಲುವಿನಂಥ ಗಡಿಯ ಊರುಗಳಲ್ಲಿ ಜೀತದಾಳನ್ನು ಜೀತಗಾಡು ಎಂದೂ ಕರೆಯುತ್ತಾರೆ. ಮದುವೆಗೋ ಮಳೆ ಹೋದ ವರ್ಷದ ಹೊಟ್ಟೆಗೋ ತಂದ ಸಾಲ, ಆ ಸಾಲಕ್ಕೆ ಮನೆಯ ಹುಡುಗನ ದುಡಿಮೆ. ಕೊಂಡ ಪತ್ರವಿಲ್ಲ, ಲೆಕ್ಕದ ಚೀಟಿಯಿದೆ. 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆ ಆ ಸಾಲಗಳನ್ನು ರದ್ದುಪಡಿಸಿತು. ಈ ಭಾಗದ ಹಿರಿಯರೊಬ್ಬರು ಒಮ್ಮೆ ನನ್ನೊಡನೆ ತಮ್ಮ ಹಳೆಯ ಆಳನ್ನು ನೆನೆದು, ‘ಮಗನ ಹಾಗೆ ಇದ್ದ, ಒಂದು ದಿನ ಬೈದವರಲ್ಲ’ ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಆ ಮಗನಿಗೆ ಹೊಲದಲ್ಲಿ ಪಾಲು ಬಂತೇ ಎಂದು ಕೇಳುವ ಧೈರ್ಯ ಅಂದು ನನಗಾಗಲಿಲ್ಲ. ವೆಲ್ಲಿಂಗ್ಟನ್ನನ ಭಾಷಣದ ಸಾರಾಂಶವನ್ನು ಮುಂದೆ ಓದಿದಾಗ ಮೊದಲು ನೆನಪಾದದ್ದು ಆ ಜಗಲಿ.

ಸಂಶೋಧಕರು ಆಕರಗಳಿಗಾಗಿ ಒಡೆಯರ ಕಾಗದಪತ್ರಗಳನ್ನಷ್ಟೇ ನಂಬಿ ಕೂರಬೇಕಾಗಿಲ್ಲ. ಏಳು ಜನರ ಹೊರೆಯನ್ನು ಒಬ್ಬನೇ ಹೊತ್ತ ಕೊರಗ ತನಿಯನ ಪಾಡ್ದನ ತುಳುನಾಡಿನಲ್ಲಿ ಇಂದಿಗೂ ಬದುಕಿದೆ. ಕೊರಗರ ಮೇಲೆ ಹೇರಿದ ‘ಅಜಲು’ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರ್ಕಾರ ಪ್ರತ್ಯೇಕ ಕಾಯಿದೆಯನ್ನು ಮಾಡಿದ್ದು 2000ದಲ್ಲಿ.