ಟಿಎಂಜೆಡ್

ಸಿನಿಮಾ, ಸಂಗೀತ ಮತ್ತು ಕ್ರೀಡಾ ತಾರೆಯರ ಖಾಸಗಿ ಬದುಕಿನ ಸುದ್ದಿಗೆ ಹೆಸರಾದ ಅಮೆರಿಕದ ಜಾಲತಾಣ. ನೆಲೆ ಲಾಸ್ ಏಂಜಲೀಸ್. ವಕೀಲಿಕೆಯಿಂದ ಪತ್ರಿಕೋದ್ಯಮಕ್ಕೆ ಬಂದ ಹಾರ್ವಿ ಲೆವಿನ್ ಅವರ ಮುಂದಾಳತ್ವದಲ್ಲಿ 2005ರ ನವೆಂಬರ್‌ನಲ್ಲಿ ಆರಂಭವಾಯಿತು. 2021ರಲ್ಲಿ ಫಾಕ್ಸ್ ಸಂಸ್ಥೆ ಇದನ್ನು ಕೊಂಡುಕೊಂಡಿತು.

ಗಾಳಿಮಾತಿಗೆ ದಾಖಲೆಯ ಬಲ ಕೊಟ್ಟದ್ದೇ ಇದರ ವೈಶಿಷ್ಟ್ಯ. ನ್ಯಾಯಾಲಯದ ಕಡತ, ಪೊಲೀಸ್ ವರದಿ, ಯಾರದೋ ಮೊಬೈಲಿನ ವಿಡಿಯೊ ಇದರ ಸರಕು. ಸುಳಿವು, ದೃಶ್ಯಗಳಿಗೆ ಹಣ ಕೊಡುವುದನ್ನು ತಾಣ ಮುಚ್ಚಿಟ್ಟಿಲ್ಲ. ಸಾಂಪ್ರದಾಯಿಕ ಪತ್ರಿಕೆಗಳು ಮೂಗು ಮುರಿಯುವುದೂ ಇದಕ್ಕೇ, ಆದರೂ ಅವೇ ಪತ್ರಿಕೆಗಳು ಮರುಗಳಿಗೆಯಲ್ಲಿ ಇದನ್ನು ಉಲ್ಲೇಖಿಸುತ್ತವೆ. 2006ರಲ್ಲಿ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದ ನಟ ಮೆಲ್ ಗಿಬ್ಸನ್ ಆಡಿದ ಯಹೂದಿ ವಿರೋಧಿ ಮಾತುಗಳಿದ್ದ ಪೊಲೀಸ್ ವರದಿಯನ್ನು ಪ್ರಕಟಿಸಿ ತಾಣ ಹೆಸರು ಮಾಡಿತು.

2009ರ ಜೂನ್ 25ರಂದು ಮೈಕೆಲ್ ಜಾಕ್ಸನ್ ಸಾವನ್ನು ಅಧಿಕೃತ ಪ್ರಕಟಣೆಗೂ ಮೊದಲೇ ಇದು ವರದಿ ಮಾಡಿತು. ದೊಡ್ಡ ಸುದ್ದಿಸಂಸ್ಥೆಗಳು ಖಚಿತತೆಗೆ ಕಾಯುತ್ತಿದ್ದಾಗಲೇ ಟ್ವಿಟರ್‌ನಲ್ಲಿ ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿ, ಅದರ ಸೇವೆ ಕುಂಟಿತು. ಒಮ್ಮೆಲೇ ಬಂದ ಹುಡುಕಾಟಗಳನ್ನು ಗೂಗಲ್ ಸ್ವಯಂಚಾಲಿತ ದಾಳಿಯೆಂದು ಭಾವಿಸಿ ಕೆಲಕಾಲ ತಡೆಯಿತು.

ವರದಿ ನಿಜವೇ ಆಗಿದ್ದರೂ ಅವಸರ ಕ್ರೌರ್ಯವಾಗಬಲ್ಲದು. 2020ರ ಜನವರಿಯಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಹೆಲಿಕಾಪ್ಟರ್ ಅಪಘಾತದಲ್ಲಿ ಮಡಿದಾಗ, ಕುಟುಂಬಗಳಿಗೆ ತಿಳಿಸುವ ಮೊದಲೇ ಸುದ್ದಿ ಹೊರಬಿದ್ದುದನ್ನು ಸ್ಥಳೀಯ ಪೊಲೀಸ್ ಮುಖ್ಯಸ್ಥರು ಬಹಿರಂಗವಾಗಿ ಖಂಡಿಸಿದರು. 2024ರಲ್ಲಿ ಗಾಯಕ ಲಿಯಾಮ್ ಪೇನ್ ಮೃತದೇಹದ ಭಾಗಗಳು ಕಾಣುವ ಚಿತ್ರ ಪ್ರಕಟಿಸಿದ ತಾಣ, ಟೀಕೆ ಬಂದ ಮೇಲೆ ಅದನ್ನು ತೆಗೆದುಹಾಕಿತು.